ಬಿಲ್ವದ ಕಟ್ಟೆಯೂ ನಮ್ಮ ರೇಡಿಯೋವೂ

ಸಂಗೀತದ ವಿಷಯದಲ್ಲಿ ನಾನು ಶುದ್ಧ ಸುಳ್ಳುಗಾರ. ಕಛೇರಿಯಲ್ಲಿ ಪಕ್ಕದವರು ತಲೆದೂಗಿದರೆ ನಾನೂ ತೂಗುತ್ತೇನೆ. ಅವರು ನಿಲ್ಲಿಸಿದ ಮೇಲೂ ಒಂದೆರಡು ಸಲ ಹೆಚ್ಚಿಗೆ ತೂಗುತ್ತೇನೆ, ಬಲ್ಲವನು ಎಂದುಕೊಳ್ಳಲಿ ಅಂತ. ಇಂಥವನು ಚಾಮರಾಜನಗರದ ನಮ್ಮ ಬೀದಿಯಲ್ಲಿ ಯಾರೂ ಕಂಡಿರದಂಥ ದುಬಾರಿ ರೇಡಿಯೋ ಕೊಂಡದ್ದೇಕೆ ಎಂದು ಕೇಳಿದರೆ ಉತ್ತರ ಸುಲಭ: ನನ್ನ ಷಡ್ಡಕನ ಮನೆಯಲ್ಲಿ ರೇಡಿಯೋ ಇತ್ತು. ಹೆಂಡತಿಯ ತಂಗಿಯ ಗಂಡ, ಹೆಸರು ಮಾದಪ್ಪ, ಗುಂಡ್ಲುಪೇಟೆಯಲ್ಲಿ ಕಡಲೆಕಾಯಿ ವ್ಯಾಪಾರ. ಅವನದು ಅವಲಕ್ಕಿ ಡಬ್ಬಿಯಷ್ಟಿದ್ದ ಸಾಮಾನ್ಯ ಪೆಟ್ಟಿಗೆ. ಹಬ್ಬಕ್ಕೆ ಹೋದಾಗೆಲ್ಲ ಅದರ ಕಿವಿ ತಿರುಗಿಸಿ, "ನಮ್ದೇನೋ ಸಣ್ಣದು ಅಣ್ಣ, ಆದ್ರೆ ಹಾಡ್ತದೆ," ಅನ್ನುತ್ತಿದ್ದ. ಆ ವಿನಯವೇ ನನ್ನ ಹೊಟ್ಟೆ ಉರಿಸಿದ್ದು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಛೇರಿಯಲ್ಲಿ ಲೈಸೆನ್ಸು ಮಾಡಿಸಬೇಕಾಗಿದ್ದ ಕಾಲ. ತಾಲ್ಲೂಕು ಕಛೇರಿಯ ಗುಮಾಸ್ತನಾಗಿದ್ದ ನಾನು, ನನ್ನ ಹೆಂಡತಿ ಗೌರಮ್ಮ ಎರಡೆಳೆ ಸರಕ್ಕೆಂದು ಕೂಡಿಟ್ಟಿದ್ದ ಹಣವನ್ನು ಟ್ರಂಕಿನಿಂದ ತೆಗೆದುಕೊಂಡು ಮೈಸೂರಿಗೆ ಹೋದೆ. ಕೇಳಿ ತೆಗೆದುಕೊಂಡೆನೋ ಕೇಳದೆ ತೆಗೆದುಕೊಂಡೆನೋ ಎಂಬುದನ್ನು ನೀವು ವಿಚಾರಿಸಬಾರದು. ಅಂಗಡಿಯವನು ಎಂಟು ವಾಲ್ವಿನ, ತೇಗದ ಮೈಯ, ಹಸಿರು ಕಣ್ಣು ಮಿಟುಕಿಸುವ ದೈತ್ಯನೊಂದನ್ನು ತೋರಿಸಿ, "ಹದಿನೈದು ದಿನ ಕೇಳಿ ನೋಡಿ. ಮನಸ್ಸಿಗೆ ಬರದಿದ್ದರೆ ವಾಪಸ್ ತನ್ನಿ," ಎಂದ. ನನಗೆ ಕೇಳಬೇಕಾಗಿಯೇ ಇರಲಿಲ್ಲ, ಗಾತ್ರ ನೋಡಿಯೇ ಮನಸ್ಸಿಗೆ ಬಂದಿತ್ತು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಬದನಗುಪ್ಪೆ ದಾಟುವ ಹೊತ್ತಿಗೆ ನನ್ನ ಕಾಲುಗಳು ನನ್ನವಾಗಿ ಉಳಿದಿರಲಿಲ್ಲ.

ಗೌರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪೆಟ್ಟಿಗೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ತೀರ್ಪು ಕೊಟ್ಟಳು. "ಬರೋ ಭಾನುವಾರ ಅಪ್ಪಯ್ಯ ಬತ್ತರೆ. ಅವ್ರು ಕೇಳಿ ಚೆಂದಾಗದೆ ಅಂದ್ರೆ ಇರ್ಲಿ. ಇಲ್ದಿದ್ರೆ ಸೋಮವಾರದ ರೈಲಿಗೆ ನೀವೇ ವಾಪಸ್ ಎತ್ಕೊಂಡು ಓಗಿ." ನನ್ನ ಮಾವನವರು ಗುಂಡ್ಲುಪೇಟೆಯ ಕಡೆಯ ದೊಡ್ಡ ಒಕ್ಕಲು, ಪ್ರಾಯದಲ್ಲಿ ಹಾರ್ಮೋನಿಯಂ ಹಿಡಿದವರು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಶಲ್ಯ ಕೊಡವಿ ಎದ್ದುಬಿಡುವ ಆಸಾಮಿ. ಮದುವೆಯ ಊಟದ ಮಧ್ಯೆ ನಾದಸ್ವರದವನು ತಪ್ಪಿದನೆಂದು ಕೈ ತೊಳೆದುಕೊಂಡವರು. ಆ ಮದುವೆ ನನ್ನದೇ.

ಇನ್ನು ರೇಡಿಯೋ ಹೂಡುವ ಕೆಲಸ. ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ವೈರ್‌ಮನ್ ಸಿದ್ದಪ್ಪ ಎರಡು ಬಿದಿರು ನೆಟ್ಟು ಏರಿಯಲ್ ಕಟ್ಟಿದ. ಆಮೇಲೆ ನೆಲಕ್ಕಿಳಿಸಬೇಕಾದ ಅರ್ತ್ ತಂತಿ ಹಿಡಿದು, "ಇದ್ನ ಬಚ್ಚಲ ಗುಂಡಿಗೆ ಬುಡನ ಸಾಮಿ. ಅಲ್ಲಿ ನೆಲ ಯಾವಾಗ್ಲೂ ತಂಪಾಗಿರ್ತದೆ. ನೆಲ ಒಣಗಿದ್ರೆ ಪೆಟ್ಟಿಗೆ ಗೊರಗೊರ ಅಂತದೆ," ಎಂದ. ನನಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಎದ್ದರೆ ವಚನ ಹಾಡುವ ಪೆಟ್ಟಿಗೆ! ಶಿವಪೂಜೆ ಮಾಡುವ ಮನೆ! ಅದರ ಕಾಲನ್ನು ಮುಸುರೆ ನೀರಿನಲ್ಲಿ ಇಳಿಬಿಡುವುದೇ? ಹಿತ್ತಿಲಿನಲ್ಲಿ ನಮ್ಮ ತಾತ ಕಲ್ಲು ಕಟ್ಟಿ ಮರಳು ತುಂಬಿಸಿದ್ದ ಬಿಲ್ವದ ಕಟ್ಟೆ ಇತ್ತು. ಮನೆಯಲ್ಲಿ ಅದಕ್ಕಿಂತ ಮಡಿಯಾದ ಜಾಗ ಇನ್ನೊಂದಿಲ್ಲ. ತಂತಿಯನ್ನು ಅಲ್ಲೇ ಹೂಳಿಸಿದೆ. "ತಂತಿಗೆಂಥ ಮಡಿ ಸಾಮಿ? ನಿಮ್ಮಿಷ್ಟ ಬುಡಿ," ಎಂದು ಸಿದ್ದಪ್ಪ ಎಲೆ ಅಡಿಕೆ ಹಾಕಿಕೊಂಡು ಹೋದ.

ರೇಡಿಯೋ ಗೊರಗುಟ್ಟಿತು. ವಾರ್ತೆ ಓದುವವರು ಹುರಿಗಡಲೆ ಬಾಯಿಗೆ ತುಂಬಿಕೊಂಡು ಓದಿದರು. ಪಿಟೀಲು ಯಾವುದು, ಗಿರಣಿ ಯಾವುದು ತಿಳಿಯಲಿಲ್ಲ. ಸಿದ್ದಪ್ಪ ಹೇಳಿದ್ದು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಆದರೆ ಇಷ್ಟು ದುಬಾರಿ ಯಂತ್ರಕ್ಕೆ ಬಚ್ಚಲ ನೀರು ಬೇಕು ಎಂದು ನಂಬಲು ನಾನು ಸಿದ್ಧನಿರಲಿಲ್ಲ. ಏರಿಯಲ್ಲನ್ನು ಪೂರ್ವಕ್ಕೆ ತಿರುಗಿಸಿದೆ, ಪಶ್ಚಿಮಕ್ಕೆ ತಿರುಗಿಸಿದೆ. ಗೌರಮ್ಮ ಒಳಗಿನಿಂದಲೇ, "ಸೋಮವಾರದ ರೈಲು ಎಷ್ಟೊತ್ಗೆ?" ಎಂದು ವಿಚಾರಿಸುತ್ತಿದ್ದಳು.

ಭಾನುವಾರ ಮಾವನವರು ಬಂದರು, ಹಿಂದೆಯೇ ಹಲ್ಲು ಕಿರಿದುಕೊಂಡು ಮಾದಪ್ಪ. ಮಾವನವರು ಸ್ನಾನ ಮಾಡಿ, ಪೂಜೆಗೆ ಪತ್ರೆ ಕೀಳಲು ಹಿತ್ತಿಲಿಗೆ ಹೋದರು. ನಾನು ನಡುಮನೆಯಲ್ಲಿ ರೇಡಿಯೋದ ಕಿವಿ ಹಿಂಡುತ್ತಾ ಮಹದೇಶ್ವರನಿಗೆ ಹರಕೆ ಕಟ್ಟಿಕೊಳ್ಳುತ್ತಿದ್ದೆ. ಗೊರಗೊರ, ಗೊರಗೊರ. ಇದ್ದಕ್ಕಿದ್ದಂತೆ ಗೊರಗೊರ ನಿಂತು, ಹೆಂಗಸೊಬ್ಬಳು ನನ್ನೆದುರೇ ಕುಳಿತು ಹಾಡಿದಂತೆ ದನಿ ಹೊರಟಿತು. ಬೆಚ್ಚಿ ಕಿಟಕಿಯಿಂದ ನೋಡಿದೆ. ಪತ್ರೆ ಕೀಳುವ ಮೊದಲು ಗಿಡಕ್ಕೆ ನೀರೆರೆಯುವ ಪದ್ಧತಿಯಂತೆ ಮಾವನವರು ಒಂದು ಕೊಡ ನೀರನ್ನು ಬಿಲ್ವದ ಬುಡಕ್ಕೆ ಹುಯ್ದು ಕೈಮುಗಿಯುತ್ತಿದ್ದರು. ಅವರು ಪತ್ರೆ ಕಿತ್ತುಕೊಂಡು ಒಳಗೆ ಬರುವಷ್ಟರಲ್ಲಿ ಮರಳು ನೀರನ್ನು ಕುಡಿದುಬಿಟ್ಟಿತು. ಮತ್ತೆ ಗೊರಗೊರ.

ಸಿದ್ದಪ್ಪನ ಕಾಲಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಆದರೆ ಈಗ ತಂತಿ ಕಿತ್ತು ಬಚ್ಚಲಿಗೆ ಬಿಟ್ಟರೆ ಮಾದಪ್ಪ ನೋಡುತ್ತಾನೆ. ನೋಡಿದರೆ ಗುಂಡ್ಲುಪೇಟೆ ಪೂರ್ತಿ ನಗುತ್ತದೆ. ಊಟವಾಗಿ, ವೀಣೆಯ ಕಛೇರಿ ಶುರುವಾಗುವ ಹೊತ್ತಿಗೆ ಮಾವನವರನ್ನು ಒರಗು ದಿಂಬಿಗೆ ಕೂರಿಸಿ, ರೇಡಿಯೋ ಹಾಕಿ, "ನೀವು ಕೇಳ್ತಿರಿ, ಬಂದೆ," ಎಂದು ಹಿತ್ತಿಲಿಗೆ ಓಡಿದೆ. ಬಾವಿಯಿಂದ ಸೇದಿದೆ, ಹುಯ್ದೆ. ಸೇದಿದೆ, ಹುಯ್ದೆ. ಆಲಾಪನೆ ಮುಗಿಯುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ತಾನದಲ್ಲಿ ರಟ್ಟೆ ಸೋತಿತು. ಕೊಡ ಕೆಳಗಿಟ್ಟು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಳಗೆ ಗೊರ ಎಂದಿತು.

ಗೌರಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಳು. ಕೊಡ ನೋಡಿದಳು, ಕಟ್ಟೆ ನೋಡಿದಳು, ಹೂತಿದ್ದ ತಂತಿ ನೋಡಿದಳು. ಜಾಣೆ, ಎಲ್ಲ ಅರ್ಥವಾಯಿತು. ಅವಳು ಸುಮ್ಮನೆ ನಿಂತಿದ್ದರೆ ಸಾಕಿತ್ತು: ಮಾವನವರು ಶಲ್ಯ ಕೊಡವಿ ಏಳುತ್ತಿದ್ದರು, ರೇಡಿಯೋ ಮೈಸೂರಿಗೆ ಹೋಗುತ್ತಿತ್ತು, ಸರ ಕೊರಳಿಗೆ ಬರುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದಳು. "ನಾ ಸೇದ್ತೀನಿ, ನೀವು ಹುಯ್ರಿ. ವೀಣೆ ಚೆಂದಾಗಿ ಕೇಳ್ತಿತ್ತು, ಕೆಡಿಸ್ಬುಟ್ರಿ." ನನಗೆ ಕಣ್ಣು ತುಂಬಿ ಬಂತು. ಮದುವೆಯಾಗಿ ಹತ್ತು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಕೇಳಿದ ಮೊದಲ ಕಛೇರಿ ಅದು. ತಲೆದೂಗಲು ಪುರಸೊತ್ತಿರಲಿಲ್ಲವಾದ್ದರಿಂದ ಅವತ್ತು ನಿಜವಾಗಿ ಕೇಳಿದೆ.

ಕಛೇರಿ ಮುಗಿಯಿತು. ಒದ್ದೆಮುದ್ದೆಯಾಗಿ ಒಳಗೆ ಬಂದೆ. ಮಾವನವರು ಕಣ್ಣು ಮುಚ್ಚಿಯೇ ಇದ್ದರು. "ಬೆರಳು ತಂತಿ ಮೇಲೆ ಜಾರೋದೂ ಕೇಳ್ತದೆ ಕಣ್ಲಾ ಮಾದ. ನಿನ್ನ ಪೆಟ್ಟಿಗೇಲಿ ವೀಣೆ ಎಲ್ಲದೆ? ಬರೀ ಸದ್ದು," ಎಂದರು. ಮಾದಪ್ಪ ಮೆಲ್ಲಗೆ, "ಅಂಗಡಿ ಯಾವ್ದು ಅಣ್ಣ?" ಎಂದು ಕೇಳಿದ. ಜೀವಮಾನದಲ್ಲಿ ಯಾವ ಪ್ರಶ್ನೆಗೂ ನಾನು ಅಷ್ಟು ನಿಧಾನವಾಗಿ, ಅಷ್ಟು ಸುಖವಾಗಿ ಉತ್ತರ ಹೇಳಿಲ್ಲ.

ಆದರೆ ಮಾವನವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನಡುನಡುವೆ ಕಣ್ಣು ತೆರೆದು ಕಿಟಕಿಯಿಂದ ಎಲ್ಲ ಕಂಡಿದ್ದರು. "ಇಂಥ ಪೆಟ್ಟಿಗೆ ಮನೇಲಿ ಹಾಡ್ತಿದ್ರೂ ಅತ್ತ ಕಿವಿಗೊಡ್ದೆ, ಗಂಡ ಹೆಂಡ್ತಿ ಬಿಲ್ವಕ್ಕೆ ಅಷ್ಟು ನೀರು ಎರೆದ್ರಲ್ಲ, ಅದು ಭಕ್ತಿ," ಎಂದು ನನ್ನ ಬೆನ್ನು ತಟ್ಟಿದರು. ವಾರದೊಳಗೆ ಈ ಸುದ್ದಿ ಗುಂಡ್ಲುಪೇಟೆಯ ಸಂತೆಯಲ್ಲೆಲ್ಲ ಹಬ್ಬಿತು. ತಂತಿಯನ್ನು ಬಚ್ಚಲಿಗೆ ಬದಲಾಯಿಸುವುದು ಐದು ನಿಮಿಷದ ಕೆಲಸ. ಆದರೆ ಬದಲಾಯಿಸಿದರೆ ನೀರೆರೆಯುವುದಕ್ಕೆ ಕಾರಣವಿರುವುದಿಲ್ಲ. ನೀರೆರೆಯದಿದ್ದರೆ, ಯಾವ ಹೊತ್ತಿನಲ್ಲಾದರೂ ಬಂದಿಳಿಯುವ ಮಾವನವರೆದುರು ಭಕ್ತಿಯಿರುವುದಿಲ್ಲ.

ಹೀಗಾಗಿ ದುಬಾರಿ ರೇಡಿಯೋ ಕೊಟ್ಟ ಹಣಕ್ಕೆ ಬಾಳುತ್ತದೆಯೇ ಎಂದು ಯಾರು ಕೇಳಿದರೂ ಎದೆಯುಬ್ಬಿಸಿ ಹೌದು ಎನ್ನುತ್ತೇನೆ. ಕೊಳ್ಳಲು ಹೊರಟವರನ್ನು ಮಾತ್ರ ಪಕ್ಕಕ್ಕೆ ಕರೆದು, ನಿಮ್ಮ ಮನೆಯ ಬಾವಿ ಎಷ್ಟು ಆಳ ಎಂದು ವಿಚಾರಿಸುತ್ತೇನೆ.