ಮಾಮಾ ಕದ್ದ ಧಾಟಿ

ನಮ್ಮ ಮಾಮಾ ಕಳ್ಳ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಅವನೆದುರೇ ಸಾವಿರ ಸಲ ಹೇಳಿದ್ದೇನೆ. ಅವನಿಗೆ ಸಿಟ್ಟೂ ಬರುವುದಿಲ್ಲ. 'ಕೇಳಿ ಕದಿಯುವ ಕಳ್ಳ' ಎಂದು ತಿದ್ದುತ್ತಾನೆ, ಅಷ್ಟೆ!

ಅವನು ಕದಿಯುವುದು ಹಾಡಿನ ಧಾಟಿಗಳನ್ನು. ಬೀದರ, ಭಾಲ್ಕಿ, ಔರಾದ ಎಂದು ಬಸ್ಸಿನಲ್ಲೇ ಆಯುಷ್ಯ ಕಳೆದ ಕಂಡಕ್ಟರ್ ಅವನು. ಹತ್ತಿದ ಹೆಂಗಸರು ಕೂಸು ಮಲಗಿಸಲೋ ಬೇಸರ ಕಳೆಯಲೋ ಏನಾದರೂ ಗುನುಗಿದರೆ ಸಾಕು, ಟಿಕೆಟ್ ಹರಿಯುವುದನ್ನು ಬಿಟ್ಟು ಅಲ್ಲೇ ಕಿವಿ ಇಡುತ್ತಿದ್ದ. ರವಿವಾರ ಬೀದರದ ನಮ್ಮ ಚರ್ಚಿನಲ್ಲಿ ಹಾಡಿಸುವ ಹೊಣೆ ಅವನದೇ. ಬೀಸುವ ಹಾಡು, ಕುಟ್ಟುವ ಹಾಡು, ಸೋಬಾನೆ, ಯಾವುದರ ಧಾಟಿ ಸಿಕ್ಕರೂ ಯೇಸುಸ್ವಾಮಿಯ ಮಾತು ಕೂಡಿಸಿ ಕೀರ್ತನೆ ಕಟ್ಟಿಬಿಡುತ್ತಿದ್ದ. ಸ್ವರ ಬರೆಯಲು ಬಾರದು. ಹಳೆಯ ಟಿಕೆಟಿನ ಹಿಂದೆ 'ಭಾಲ್ಕಿ, ಕಿಟಕಿ ಸೀಟು, ಹಸಿರು ಸೀರಿ' ಎಂದು ಬರೆದುಕೊಳ್ಳುತ್ತಿದ್ದ. ಸೀರೆ ನೆನಪಾದರೆ ಧಾಟಿ ನೆನಪಾಗುತ್ತದಂತೆ. ಅಷ್ಟೊಂದು ಸೀರೆಗಳು ನೆನಪಿರುವುದು ಮಾಮಿಗೆ ಸರಿಬರಲಿಲ್ಲ ಎಂಬುದು ಬೇರೆ ಮಾತು! ಮಕ್ಕಳಿಲ್ಲದ ಮನೆ. ತೊಟ್ಟಿಲು ಕಟ್ಟಬೇಕೆಂದು ತೊಲೆಗೆ ಬಡಿದಿದ್ದ ಕೊಂಡಿಗೆ ಆ ಟಿಕೆಟುಗಳ ಚೀಲ ತೂಗುತ್ತಿತ್ತು.

ನೆರೆಮನೆಯಿಂದ ಇಸಗೊಂಡ ಬೋಗಾಣಿಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮ ಕಡೆಯ ರೂಢಿ. ಮಾಮಾ ಅದನ್ನು ಧಾಟಿಗೂ ಹಚ್ಚಿದ. ಧಾಟಿ ಯಾರದೋ ಅವರ ಮನೆ ಹುಡುಕಿಕೊಂಡು ಹೋಗಿ, ಕೇಳಿ, ಹ್ಞೂಂ ಅನ್ನಿಸಿಕೊಂಡು, ಆಮೇಲೆ ಪ್ರತಿ ಕ್ರಿಸ್ಮಸ್ಸಿಗೆ ಅವರಿಗೊಂದು ಕೇಕು. ಭಾಲ್ಕಿಯ ಹಸಿರು ಸೀರೆಯವರು ದಿನಾ ಲಿಂಗಪೂಜೆ ಮಾಡುವ ಶರಣೆ. ಅವರಿಗಾಗಿ ಮಾಮಿ ತತ್ತಿ ಹಾಕದ ಕೇಕು ಬೇರೆ ಮಾಡಬೇಕು. ಇವನು ಮೊದಲ ಸಲ ಕೇಳಲು ಹೋದಾಗ ಆಕೆ, "ಒಂದ ಸಾಕೇನ್ರಿ? ಇನ್ನ ನಾಕ ಅವ" ಎಂದು ಸಂಜೆಯತನಕ ಕೂಡಿಸಿಕೊಂಡು ಹಾಡಿದರು. ಆವತ್ತು ಮಾಮಾನ ಬಸ್ಸು ಬೇರೆ ಕಂಡಕ್ಟರನೊಂದಿಗೆ ಹೋಯಿತು.

ಅವನ ಇನ್ನೊಂದು ಜಂಭ ಕೇಳಬೇಕು ನೀವು. ಹಾಡಿನ ನಡುವೆ ತಾನು ಎಂದೂ ಸೀಟಿ ಊದಿದವನೇ ಅಲ್ಲವಂತೆ! ಒಮ್ಮೆ ಹಾಡು ಮುಗಿಯಲಿಲ್ಲವೆಂದು ಸೀಟಿ ಊದದೆ, ಇಳಿಯಬೇಕಾದವರನ್ನೆಲ್ಲ ಮುಂದಿನ ಊರಿಗೆ ಒಯ್ದು ಬಿಟ್ಟಿದ್ದ. ಅವರು ಬೈದರೆ, ನುಡಿಯನ್ನು ನಡುವೆ ಕಡಿಯಬಾರದೆಂದು ಅವರಿಗೇ ಬುದ್ಧಿ ಹೇಳಿ ಬಂದಿದ್ದ.

ಕೇಳದೆ ಕದ್ದದ್ದು ಒಂದೇ ಒಂದು. ಇಪ್ಪತ್ತೆರಡು ವರ್ಷಗಳ ಹಿಂದೆ ಔರಾದ ತಾಲೂಕಿನ ಬಸ್ಸಿನಲ್ಲಿ ಒಬ್ಬ ಆಯಿ, ಅಂದರೆ ಅಜ್ಜಿ, ಮೊಮ್ಮಗಳನ್ನು ಮಲಗಿಸುತ್ತ ಹಾಡಿದ್ದ ಜೋಗುಳ. ಇವನು ಕೇಳುವಷ್ಟರಲ್ಲಿ ಆಕೆ ಚಿಂತಾಕಿಯಲ್ಲಿ ಇಳಿದು ಹೋಗಿದ್ದಳು. ಹೆಸರು ಗೊತ್ತಿಲ್ಲ, ಹುಡುಕುವುದು ಹಾಗೇ ಉಳಿಯಿತು. ಆ ಧಾಟಿಗೆ ಬಾಲಯೇಸುವಿನ ತೊಟ್ಟಿಲ ಹಾಡು ಕಟ್ಟಿದ. ಅಂದಿನಿಂದ ಅದಿಲ್ಲದೆ ನಮಗೆ ಕ್ರಿಸ್ಮಸ್ ಇಲ್ಲ. ಆದರೆ ಮೂರನೆಯ ಸಾಲಿಗೆ ಬಂದಾಗಲೆಲ್ಲ ಇಡೀ ಸಭೆ ಹಂಪ್ ಹಾರಿದ ಬಸ್ಸಿನಂತೆ ಎಗರುತ್ತಿತ್ತು. ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ! ಬೀದರದ ಹೊರಗಿನ ಕೊಳಾರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಕೀಬೋರ್ಡಿನವನು, ಅಲ್ಲೊಂದು ತಾಳ ಕಡಿಮೆ ಬೀಳುತ್ತದೆಂದು ಹೇಳಿ ಹೇಳಿ ಸೋತ.

"ಹೊಟ್ಟಿ ಇಲ್ಲದ ಡಬ್ಬಿಗಿ ಜೋಗುಳ ಹ್ಯಾಂಗ ತಿಳೀತದೋ?" ಎಂದು ಮಾಮಾ ಅವನ ಬಾಯಿ ಮುಚ್ಚಿಸುತ್ತಿದ್ದ.

ಹೋದ ವರ್ಷ ಪಾದ್ರಿಗಳು ಹೇಳಿಯೇಬಿಟ್ಟರು: ಮೂರನೆಯ ಸಾಲು ಸರಿಹೋಗಬೇಕು, ಇಲ್ಲವೇ ಈ ಕ್ರಿಸ್ಮಸ್ಸಿಗೆ ಆ ಹಾಡು ಬೇಡ. ಮಾಮಾಗೆ ಎರಡು ದಿನ ಊಟ ಸೇರಲಿಲ್ಲ. ಉಳಿದ ಕೀರ್ತನೆಗಳನ್ನೆಲ್ಲ ಕೈಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದ. ಅದೊಂದನ್ನು ಬಿಡುವುದು ಅವನಿಂದ ಆಗುತ್ತಿರಲಿಲ್ಲ. ಮೂರನೆಯ ದಿನ ಚೀಲದಿಂದ ಚಿಂತಾಕಿಯ ಟಿಕೆಟ್ ಹುಡುಕಿ ಜೇಬಿಗಿಟ್ಟುಕೊಂಡ. ತನ್ನ ಕಿವಿ ತಪ್ಪಿಲ್ಲ, ಬೇಕಾದರೆ ಆ ಆಯಿಯೇ ಸಾಕ್ಷಿ ಹೇಳುತ್ತಾಳೆ ಎಂದು ನನ್ನನ್ನೂ ಬಸ್ಸು ಹತ್ತಿಸಿದ. ಕೇಕಿನ ಡಬ್ಬಿ ನನ್ನ ತೊಡೆಯ ಮೇಲೆ.

ಹೆಸರೇ ಗೊತ್ತಿಲ್ಲದ ಮುದುಕಿಯನ್ನು ಹುಡುಕುವುದು ಹೇಗೆ? ಮಾಮಾ ಚಿಂತಾಕಿಯ ಚಹಾದ ಹೋಟೆಲಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಜೋಗುಳ ಹಾಡಿಯೇಬಿಟ್ಟ! ನಾನು ಕೇಕಿನ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡೆ.

"ಇದ ನಮ್ಮ ಓಣಿ ಆಯಿ ಹಾಡಲ್ಲೇನ್ರಿ?" ಎಂದ ಚಹಾ ಕುಡಿಯುತ್ತಿದ್ದ ಒಬ್ಬ. "ಆದ್ರ ನಿಮ್ಮ ಬಾಯಾಗ ಯಾಕ ಕುಂಟ್ತದ?"

ಆಯಿ ಪಡಸಾಲೆಯಲ್ಲಿ ಕೂತು ತೊಟ್ಟಿಲು ತೂಗುತ್ತಿದ್ದಳು. ಮಾಮಾ ತಾನು ಯಾರೆಂದು ಹೇಳಿ, ಎದೆಯುಬ್ಬಿಸಿ ಹಾಡಿದ. ಮೂರನೆಯ ಸಾಲಿಗೆ ಆಯಿ ಕೈ ಎತ್ತಿದಳು.

"ಇಲ್ಲಿ ಯಾಕ ಓಡ್ತಿ ಕಂಡಕ್ಟರಪ್ಪಾ? ಇಲ್ಲಿ ನಿಂತು ತೊಟ್ಟಿಲ ಜಗ್ಗಬೇಕು."

ಬಸ್ಸಿನಲ್ಲಿ ನೀವು ಹಾಡಿದ್ದೇ ಹೀಗೆ ಎಂದು ಮಾಮಾ ವಾದಕ್ಕಿಳಿದ.

"ಬಸ್ಸಿನಾಗ ತೊಟ್ಟಿಲ ಎಲ್ಲಿಂದ ಬರಬೇಕು? ಹಾಡು ನಿಲ್ಲಿಸಿ ಕೂಸಿನ ಬೆನ್ನ ತಟ್ಟಿದ್ದೆ. ಅಷ್ಟರಾಗ ನೀ ಸೀಟಿ ಊದಿದಿ. ಮಲಗಿದ ಕೂಸು ಎದ್ದು ಮನಿ ಮುಟ್ಟೋತನ ಅತ್ತದ, ನಾ ಮರೀತೇನೇನು?" ಎಂದು ಆಯಿ ಹೊಸ್ತಿಲಲ್ಲಿ ನಿಂತಿದ್ದ ತರುಣಿಯತ್ತ ಕೈ ತೋರಿಸಿದಳು. ಆವತ್ತಿನ ಕೂಸು ಅವಳೇ. ತೊಟ್ಟಿಲಲ್ಲಿದ್ದದ್ದು ಅವಳ ಮಗಳು.

ಹಾಡಿನ ನಡುವೆ ಎಂದೂ ಸೀಟಿ ಊದದ ನಮ್ಮ ಮಾಮಾ! ತನ್ನದೇ ಸೀಟಿಯ ಸದ್ದಿನಲ್ಲಿ ಆ ನಿಲುಗಡೆ ಅವನಿಗೆ ಕೇಳಿಸಿಯೇ ಇರಲಿಲ್ಲ. ಜೇಬಿನಿಂದ ಆ ಟಿಕೆಟ್ ತೆಗೆದು ಆಯಿಯ ಮುಂದಿಟ್ಟ. ಕೈ ಮುಗಿದ.

"ಆಯಿ, ಇಷ್ಟ ವರ್ಷ ಕೇಳದೇ ಹಾಡೀನ್ರಿ. ನಮ್ಮ ಯೇಸುಸ್ವಾಮಿ ತೊಟ್ಟಿಲಿಗಿ ಇದನ್ನ ಹಾಡ್ಲೇನ್ರಿ?"

ಆಯಿ ತೊಟ್ಟಿಲ ಹಗ್ಗವನ್ನು ಅವನ ಕೈಗೆ ಕೊಟ್ಟಳು. "ಯಾರ ಕೂಸಾದ್ರೇನು, ಮೊದಲ ತೂಗಿ ಹಾಡು. ತೂಗದೆ ಹ್ಯಾಂಗ ಬರ್ತದ?"

ಅರವತ್ತು ದಾಟಿದ ಮಾಮಾ ಅದುವರೆಗೆ ತೊಟ್ಟಿಲ ಹಗ್ಗ ಹಿಡಿದವನಲ್ಲ. ಮೂರನೆಯ ಸಾಲು ಬಂತು. ಜಗ್ಗಿದ. ಹಾಡು ನಿಂತಿತು, ತೊಟ್ಟಿಲು ಹೋಗಿ ಬಂತು, ಹಾಡು ತಾನಾಗಿ ಮುಂದೆ ನಡೆಯಿತು. ಕೂಸು ಮಲಗಿದ ಮೇಲೂ ಅವನು ಹಗ್ಗ ಬಿಡಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಾನೇ ಎಬ್ಬಿಸಿಕೊಂಡು ಬರಬೇಕಾಯಿತು.

ಆ ಕ್ರಿಸ್ಮಸ್ಸಿಗೆ ಮೂರನೆಯ ಸಾಲಿನಲ್ಲಿ ಇಡೀ ಸಭೆ ಒಂದು ತೂಗಿನಷ್ಟು ಹೊತ್ತು ಸುಮ್ಮನಾಯಿತು. ಕೀಬೋರ್ಡಿನವನು ಗೆದ್ದ ಮುಖ ಮಾಡಿಕೊಂಡು ಕೂತಿದ್ದ. ಮುಂದೆ ನಿಂತಿದ್ದ ಮಾಮಾನ ಬಲಗೈ ಇಲ್ಲದ ಹಗ್ಗವನ್ನು ಜಗ್ಗಿತು. ನನಗೆ ನಗು ತಡೆಯಲಾಗದೆ ಪಕ್ಕಕ್ಕೆ ತಿರುಗಿದೆ. ಹೆಂಗಸರ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಾಮಿಯ ಕೈಯೂ ಜಗ್ಗುತ್ತಿತ್ತು.