ಅಣ್ಣ ಬಿಟ್ಟ ಜಾಗ

ಎಲ್ಲರೂ ಅಕ್ಷರ ಓದುತ್ತಾರೆ. ನಮ್ಮ ದೊಡ್ಡಪ್ಪನ ಮಗ ಅಕ್ಷರಗಳ ನಡುವಿನ ಸಂದನ್ನು ಓದುತ್ತಿದ್ದ! ಹುಚ್ಚು ಅಂತೀರಾ? ನಾನೂ ಹಾಗೇ ಅಂದುಕೊಂಡು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಅಗ್ಗದ ಔಷಧಿ ನನಗೆ ಸಿಕ್ಕಿರಲಿಲ್ಲ.

ಐವತ್ತರ ದಶಕದ ಮಾತು. ಹರಿಹರದಲ್ಲಿ ಹೈಸ್ಕೂಲು ಮುಗಿಸಿದ ನಾವಿಬ್ಬರೂ ದಾವಣಗೆರೆಯ ಒಂದು ಅಚ್ಚುಕೂಟಕ್ಕೆ ಸೀಸದ ಅಕ್ಷರದ ಮೊಳೆ ಜೋಡಿಸುವುದನ್ನು ಕಲಿಯಲು ಒಂದೇ ದಿನ ಸೇರಿದೆವು. ದಿನಾ ಹೋಗಿಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಅಣ್ಣನೇ ಕೂರಬೇಕು. ದಾರಿಯಲ್ಲಿ ಬಾತಿ ಊರು ಬರುವಷ್ಟರಲ್ಲಿ ಅವನ ನರಳಾಟ ಶುರು.

"ತಮ್ಮಾ, ಆ ಸೋಡಾ ಅಂಗಡಿ ಬೋರ್ಡು ನೋಡು. ಪಾಪ, ಅಕ್ಷರಕ್ಕೆ ಉಸಿರು ಕಟ್ಟೈತೆ!"

ಮೂವರ ಸೀಟಿನಲ್ಲಿ ಐದನೆಯವನಾಗಿ ಕೂತ ತಮ್ಮನಿಗೆ ಉಸಿರು ಕಟ್ಟಿದ್ದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಅಚ್ಚಿನ ಕೆಲಸದಲ್ಲಿ ಖಾಲಿ ಜಾಗ ತಾನಾಗಿ ಬರುವುದಿಲ್ಲ. ಪದಗಳ ನಡುವೆ, ಸಾಲುಗಳ ನಡುವೆ ಸೀಸದ ಗಿಡ್ಡ ತುಂಡುಗಳನ್ನು ಇಡಬೇಕು. ಅವಕ್ಕೆ ಮಸಿ ತಾಗುವುದಿಲ್ಲ, ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತವೆ. ನಾನು ದಪ್ಪ ಅಕ್ಷರಗಳಿಗೆ ಮರುಳಾದೆ. ಅಣ್ಣ ಈ ಮೂಗ ತುಂಡುಗಳಿಗೆ ಮರುಳಾದ. ಮಾಲೀಕರು ಅಣ್ಣನಿಗೆ ಮರುಳಾದರು!

"ನಿಮ್ಮಣ್ಣನ ಕೈ ನೋಡಿ ಕಲಿಯೋ" ಎಂಬ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದರೆ, ಅಚ್ಚು ಹಾಕಿದ್ದರೆ ಮೊಳೆಗಳೇ ಸವೆದುಹೋಗುತ್ತಿದ್ದವು.

ಮದುವೆ ಊಟಕ್ಕೆ ಹೋದರೆ ಅಲ್ಲೂ ಅದೇ. "ಏ ಸ್ವಾಮಿ, ಹೋಳಿಗೆಗೆ ಕೋಸಂಬರಿ ತಾಗಿಸ್ಬ್ಯಾಡ್ರಿ, ಅಂಚು ಬಿಡ್ರಿ!" ಬಡಿಸುವವರು ರೇಗಿ ಹೋಳಿಗೆಯನ್ನೇ ಬಿಟ್ಟು ಮುಂದೆ ಹೋದರು. ಅವತ್ತು ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಒಮ್ಮೆ ಶಾಮನೂರಿನ ಅರಳೆ ಸಾಹುಕಾರರೊಬ್ಬರು ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಿ ಕೆರಳಿದರು.

"ಅರ್ಧ ಹಾಳೆ ಖಾಲಿ ಬಿಟ್ಟೀಯಲ್ಲೋ! ಅದಕ್ಕೆ ನಾನು ರೊಕ್ಕ ಕೊಡಂಗಿಲ್ಲೇನು?"

ಇವತ್ತು ಅಣ್ಣನ ಕೆಲಸ ಹೋಯಿತು ಎಂದು ಒಳಗೊಳಗೇ ಹಿಗ್ಗಿದೆ. ಅಣ್ಣ ತಣ್ಣಗೆ ಕೇಳಿದ: "ಸಾಹುಕಾರ್ರೇ, ನಿಮ್ಮ ಮನಿ ಮುಂದೆ ಅಂಗಳ ಯಾಕ ಬಿಟ್ಟೀರಿ? ಅಲ್ಲೂ ಅರಳೆ ಮೂಟೆ ಪೇರಿಸಬಹುದಿತ್ತಲ್ರೀ?"

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ನನ್ನ ಹೊಟ್ಟೆ ಉರಿಯಿತು.

ಅರವತ್ತರ ದಶಕದ ಹೊಸ್ತಿಲಲ್ಲಿ ನನ್ನ ಮದುವೆ ಗೊತ್ತಾಯಿತು. ನನ್ನ ಪತ್ರಿಕೆಯನ್ನು ಅವನು ಮುಟ್ಟಕೂಡದು ಎಂದು ನಾನೇ ಕೂತು ಜೋಡಿಸಿದೆ. ಜೋಡಿ ಗಿಳಿ, ದ್ರಾಕ್ಷಿ ಬಳ್ಳಿ, ಅಚ್ಚುಕೂಟದಲ್ಲಿದ್ದ ಅಷ್ಟೂ ಗಾತ್ರದ ಅಕ್ಷರ! ಕೆಳಗೆ, ಆಗಮನ ಬಯಸುವ ಮನೆಯವರ ಹೆಸರು. ನಮ್ಮಲ್ಲಿ ಆ ಪಟ್ಟಿಯಲ್ಲಿ ಒಬ್ಬರು ತಪ್ಪಿದರೆ ಮನೆತನಗಳೇ ಮಾತು ಬಿಡುತ್ತವೆ. ಕೊನೆಗೆ ಒಂದು ಹೆಸರಿಗೆ ಜಾಗ ಸಾಲದೆ ಬಂತು. ಅಣ್ಣನ ಹೆಸರು ಬಿಟ್ಟೆ. ಒಂದು ಗಿಳಿ ತೆಗೆದಿದ್ದರೆ ಸಾಕಿತ್ತು. ತೆಗೆಯಲಿಲ್ಲ.

ಅಣ್ಣ ಪ್ರೂಫ್ ನೋಡಿದ. ಪಟ್ಟಿಯ ಕೊನೆಯಲ್ಲಿ ಅವನ ಬೆರಳು ನಿಂತಿತು. ನಾನು ಜಗಳಕ್ಕೆ ಸಿದ್ಧನಾದೆ.

"ನಿನ್ನ ಹೆಸ್ರು, ಹುಡುಗಿ ಹೆಸ್ರು ಬಳ್ಳಿಯೊಳಗೆ ಸಿಕ್ಕೊಂಡಾವಲ್ಲೋ ತಮ್ಮಾ" ಅಂದ. "ಬಿಡಿಸ್ಲೇನು?"

ನಾನು ತಲೆಯಾಡಿಸಿದೆ. ಬಳ್ಳಿ ಹೋಯಿತು, ಗಿಳಿಗಳು ಹಾರಿದವು. ನಡುವೆ ನನ್ನ, ಹುಡುಗಿಯ ಹೆಸರುಗಳು ಆಗತಾನೇ ಮಿಂದು ಬಂದಂತೆ ನಿಂತವು. ಪಟ್ಟಿಯ ಕೆಳಗೆ ಒಂದು ಸಾಲಿನಷ್ಟು ಜಾಗವೂ ಉಳಿಯಿತು.

"ಅಣ್ಣಾ, ಈಗ ಜಾಗ ಐತಲ್ಲ... ನಿನ್ನ ಹೆಸರು..."

"ಬ್ಯಾಡ ಬಿಡೋ. ಅಲ್ಲಿ ಖಾಲಿ ಇದ್ರೇ ಚೆಂದ."

ಹೇಳಿ, ಮೂಗ ತುಂಡುಗಳನ್ನು ಒಂದೊಂದಾಗಿ ಆ ಸಾಲಿಗೆ ಜೋಡಿಸಿದ. ಅವನ ಕೈ ಎಂದಿನಂತೆಯೇ ನಿಧಾನ.

ಈಗ ಅಣ್ಣನಿಲ್ಲ. ಪತ್ರಿಕೆ ಹಳದಿಗಟ್ಟಿ ನನ್ನ ಬಳಿ ಉಳಿದಿದೆ. ನೋಡಿದವರಿಗೆ ಆ ಸಾಲಿನಲ್ಲಿ ಏನೂ ಇಲ್ಲ. ನಾನು ಕನ್ನಡಕ ಹಾಕಿಕೊಂಡು ಮೊದಲು ಓದುವುದು ಅದನ್ನೇ.