ಪ್ರತಿಭಟನಾ ಸಮಿತಿಯ ಶಾಲು

ಐರ್ಲೆಂಡಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದೂ ಪೌರತ್ವ ಸಿಗದವರಿಗೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಜನಮತಕ್ಕೆ ಹಾಕಲಾಯಿತು. ನಿಯಮದ ಪ್ರಕಾರ ಉತ್ತರ ಹೇಳುವ ಹಕ್ಕು ಇದ್ದದ್ದು ಈಗಾಗಲೇ ಮತ ಇರುವವರಿಗೆ ಮಾತ್ರ. ಅವರು ಚೆನ್ನಾಗಿ ಯೋಚಿಸಿ ಬೇಡ ಎಂದರು. ಇದರಲ್ಲಿ ಯಾವ ಲೋಪವೂ ಇರಲಿಲ್ಲ. ಬಸ್ಸಿನಲ್ಲಿ ಜಾಗ ಇದೆಯೇ ಎಂದು ಬಸ್ಸಿನೊಳಗೆ ಕೂತವರನ್ನೇ ಕೇಳುವುದು ಎಲ್ಲ ಕಡೆಯೂ ಇರುವ ಪದ್ಧತಿ.

ಅತ್ಲೋನಿನ ನಿಸರ್ಗಾಳಿಗೆ ಮಾತ್ರ ಮೈ ಉರಿದುಹೋಯಿತು. ಅವಳು ಎಂ.ಎಸ್ಸಿ. ಮಾಡಲು ಬಂದು ಒಂಬತ್ತು ವರ್ಷವಾಗಿತ್ತು. ಓದಿದ ಕಾಲ ಪೌರತ್ವದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಸರ್ಕಾರದ ದೃಷ್ಟಿಯಲ್ಲಿ ಆಗ ಅವಳು ಐರ್ಲೆಂಡಿನಲ್ಲಿ ಇರಲೇ ಇಲ್ಲ. ಮನೆ ಬಾಡಿಗೆ ಮಾತ್ರ ಕಟ್ಟಿದ್ದಳು. ಈಗ ವೈದ್ಯಕೀಯ ಸಲಕರಣೆ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಇಲ್ಲೇ ಹುಟ್ಟಿದ ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ. ಪಕ್ಕದ ಮನೆಯ ಅಜ್ಜಿಯ ಕಸದ ಬಿನ್ನನ್ನು ವಾರವಾರವೂ ರಸ್ತೆಗೆ ತಂದಿಡುವವಳೂ ಇವಳೇ. ಇಷ್ಟಾದ ಮೇಲೂ ದೇಶದ ವಿಚಾರದಲ್ಲಿ ಬಾಯಿ ಮುಚ್ಚಿಕೊಂಡಿರು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಟಿವಿ ಬಂದಿದ್ದ ರಟ್ಟಿನ ಡಬ್ಬಿಯನ್ನು ಕತ್ತರಿಸಿ, ಅಡುಗೆಮನೆಯ ನೆಲದ ಮೇಲೆ ಹರವಿಕೊಂಡು, ಅವಳು ದಪ್ಪ ಕುಂಚದಲ್ಲಿ ಇಂಗ್ಲಿಷಿನ ಒಂದೇ ಒಂದು ವಾಕ್ಯ ಬರೆದಳು. ನಾವೂ ಇಲ್ಲೇ ಬದುಕುತ್ತಿದ್ದೇವೆ ಎಂದು ಅದರ ಅರ್ಥ. ಶನಿವಾರ ಬೆಳಿಗ್ಗೆ ಶ್ಯಾನನ್ ನದಿಯ ಸೇತುವೆಯ ಮೇಲೆ ಅದನ್ನು ಹಿಡಿದು ಅರ್ಧ ಗಂಟೆ ನಿಲ್ಲಬೇಕು. ಅವಳ ಆಸೆ ಇದಿಷ್ಟೇ.

ಗಂಡ ನಂದೀಶ್ ಫಲಕವನ್ನು ದಾಟಿ ಹೋಗಿ ಫ್ರಿಜ್ ತೆಗೆದ.

"ಪೌರತ್ವಕ್ಕೆ ಅರ್ಜಿ ಹಾಕಿದೀವಿ ಕಣೇ. ಒಳ್ಳೆ ನಡತೆ ಇರಬೇಕು ಅಂತ ಅದರಲ್ಲಿ ಬೇರೆ ಐತೆ. ನೀನು ಹೋಗಿ ಸೇತುವೆ ಮೇಲೆ ಕೂಗ್ತಾ ನಿಂತ್ರೆ?"

"ಕೂಗಲ್ಲ. ಸುಮ್ನೆ ನಿಂತ್ಕೋತೀನಿ."

"ಸುಮ್ನೆ ನಿಂತ್ಕೊಳ್ಳೋರ ಮೇಲೇ ಜಾಸ್ತಿ ಅನುಮಾನ ಬರೋದು."

ಆರು ವರ್ಷದ ಮಗಳು ಪ್ರಕೃತಿ ಫಲಕದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಟ್ಸ್ ಗ್ರ್ಯಾಂಡ್, ಮ್ಯಾಮ್" ಎಂದು, ಇಲ್ಲಿನ ಮಕ್ಕಳು ಅಮ್ಮನನ್ನು ಕರೆಯುವ ಧಾಟಿಯಲ್ಲೇ ಅನುಮೋದಿಸಿದಳು. ಆ ವಾರ ಫಲಕಕ್ಕೆ ಸಿಕ್ಕ ಏಕೈಕ ಅನುಮೋದನೆ ಅದು.

ಊರಿನ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ನಿಸರ್ಗಾ, "ಶನಿವಾರ ಹನ್ನೊಂದಕ್ಕೆ ಸೇತುವೆ ಹತ್ರ ನಿಲ್ತೀನಿ. ಬರೋರು ಬನ್ನಿ" ಎಂದು ಹಾಕಿದಳು. ಬೆಳಗಾಗುವುದರೊಳಗೆ ಬಳಗ ಎರಡು ಹೋಳಾಗಿತ್ತು. ಸೋತವರು ಪ್ರತಿಭಟಿಸದೆ ಗೆದ್ದವರು ಪ್ರತಿಭಟಿಸುತ್ತಾರೆಯೇ ಎಂದು ಒಂದು ಪಕ್ಷ. ಜನ ಬೇಡ ಎಂದ ಮೇಲೆ ಅದನ್ನು ಪ್ರಶ್ನಿಸುವುದು ಪ್ರಜಾಪ್ರಭುತ್ವಕ್ಕೇ ಅವಮಾನ ಎಂದು ಇನ್ನೊಂದು. ಎರಡನೆಯ ಪಕ್ಷದ ಮುಂದಾಳು ದಿಲೀಪ್, ನಿಸರ್ಗಾ ಸೇತುವೆಯ ಈ ಕಡೆ ನಿಂತರೆ ತಾನು ಆ ಕಡೆ ನಿಂತು ಪ್ರತಿಭಟನೆಯನ್ನು ಪ್ರತಿಭಟಿಸುವುದಾಗಿ ಘೋಷಿಸಿದ. ದಿಲೀಪನಿಗೂ ಮತವಿರಲಿಲ್ಲ. ಆದರೆ ಇಲ್ಲದ ಮತದ ಬಗ್ಗೆ ಅವನಿಗೆ ಖಚಿತವಾದ ಅಭಿಪ್ರಾಯವಿತ್ತು.

ಆಗ ಬಳಗದ ಸ್ಥಾಪಕ ಅಧ್ಯಕ್ಷ ಈಶ್ವರಪ್ಪನವರು ಪ್ರಕಟಣೆ ಹೊರಡಿಸಿದರು.

"ಸಮಸ್ತ ಸದಸ್ಯರ ಗಮನಕ್ಕೆ. ಜನರ ತೀರ್ಪನ್ನು ಗೌರವಿಸುವುದು ನಮ್ಮ ಕರ್ತವ್ಯ. ತೀರ್ಪನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಕರ್ತವ್ಯವನ್ನು ಈ ಶನಿವಾರವೇ ನೆರವೇರಿಸಲಾಗುವುದು. ಹಕ್ಕಿನ ದಿನಾಂಕವನ್ನು ನಂತರ ತಿಳಿಸಲಾಗುವುದು."

ಈಶ್ವರಪ್ಪನವರು ಮೂರು ವರ್ಷದ ಹಿಂದೆ ಐರಿಷ್ ಪ್ರಜೆಯಾದವರು. ಅಂದಿನಿಂದ "ನಮ್ಮ ಸಂವಿಧಾನ" ಎಂದಾಗಲೆಲ್ಲ ಕೈ ಎದೆಯ ಮೇಲೆ ಹೋಗುತ್ತಿತ್ತು. ಜನಮತದಲ್ಲಿ ಅವರು ಬೇಡ ಎಂದೇ ಹಾಕಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಕಾಯದೇ ಇದ್ದವರಿಗೂ ಮತ ಕೊಟ್ಟರೆ, ಕಾದವರು ಕಾದದ್ದು ಯಾಕೆ ಎಂಬುದು ಅವರ ವಾದ.

ಬುಧವಾರ ಸಂಜೆ ಸಮುದಾಯ ಭವನದಲ್ಲಿ ಸಭೆ ಸೇರಿತು. ಕಾರ್ಯದರ್ಶಿ ಗ್ರೆಗರಿ, ಮಂಗಳೂರಿನ ಕಡೆಯವರು, ನಿಯಮವೆಂದರೆ ಪ್ರಾಣ. ರಾಷ್ಟ್ರದ ಜನಮತದ ವಿರುದ್ಧ ಪ್ರತಿಭಟಿಸಬೇಕೇ ಎಂಬುದರ ಬಗ್ಗೆ ಬಳಗದ ಜನಮತ ತೆಗೆದುಕೊಳ್ಳುವುದೇ ಸರಿಯಾದ ಕ್ರಮ ಎಂದು ಅವರು ಸೂಚಿಸಿದರು. ಎಲ್ಲರೂ ತಲೆದೂಗಿದರು. ನಿಸರ್ಗಾಳೂ ತಲೆದೂಗಿ, ಮತಕ್ಕೆಂದು ಕೈ ಎತ್ತಿದಳು.

"ನೀವು ಕೈ ಇಳಿಸಿ ಮಾರಾಯ್ರೇ," ಎಂದರು ಗ್ರೆಗರಿ. "ನೀವು ವಾರ್ಷಿಕ ಸದಸ್ಯರು. ಮತ ಇರೋದು ಆಜೀವ ಸದಸ್ಯರಿಗೆ ಮಾತ್ರ."

"ಗ್ರೆಗರಿ ಸರ್, ಏಳು ಯುಗಾದಿಗೆ ಹೋಳಿಗೆ ತಟ್ಟಿದೀನಿ ನಾನು."

"ತಟ್ಟಿದ್ದೀರಿ, ನೆನಪುಂಟು. ಒಳ್ಳೆ ಹೋಳಿಗೆ. ಆದ್ರೆ ಅದು ಸೇವೆಗೆ ಬರ್ತದೆ, ಮತಕ್ಕೆ ಬರೋದಿಲ್ಲ."

ವಾರ್ಷಿಕ ಸದಸ್ಯರು ಹಿಂದಿನ ಸಾಲಿನಿಂದ ಎದ್ದು ಆಜೀವ ಸದಸ್ಯರಿಗೆ ಟೀ ಹಂಚಿದರು. ಆಜೀವ ಸದಸ್ಯರು ಟೀ ಕುಡಿದು, ಪ್ರತಿಭಟನೆ ಬೇಡ ಎಂದು ತೀರ್ಮಾನಿಸಿದರು. ದಿಲೀಪ್ ಟ್ರೇ ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ಹೋಗಿ ಎರಡು ಕಪ್ಪು ಒಡೆದ.

ನಿಸರ್ಗಾ ಎದ್ದು ನಿಂತಳು. "ಹಾಗಾದ್ರೆ ನಾನು ಈ ತೀರ್ಮಾನದ ವಿರುದ್ಧಾನೂ ನಿಲ್ತೀನಿ. ಈ ಬಾಗಿಲ ಮುಂದೇನೇ."

ಸಭೆ ಸ್ತಬ್ಧವಾಯಿತು. ಈಶ್ವರಪ್ಪನವರು ಮಾತ್ರ ಮುಗುಳ್ನಕ್ಕರು. ಬಳಗ ಕಟ್ಟಿ ಬೆಳೆಸಿದವರಿಗೆ ಇಂಥ ಗಳಿಗೆಗಳು ಹೊಸದಲ್ಲ. ಹಿಂದೊಮ್ಮೆ ಸಾಂಬಾರಿಗೆ ಉಪ್ಪಿಲ್ಲ ಎಂದವರನ್ನು ಭೋಜನ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಲಾಗಿತ್ತು. ಅಂದಿನಿಂದ ಉಪ್ಪು ಸರಿಯಾಗಿದೆ ಎಂದು ಅವರೇ ಎಲ್ಲರಿಗೂ ಹೇಳುತ್ತಾರೆ. ಮೈಕ್ ಕೇಳಿಸುವುದಿಲ್ಲ ಎಂದವರಿಗೆ ಧ್ವನಿವರ್ಧಕ ಸಮಿತಿ ಕೊಟ್ಟ ಮೇಲೆ ಮೈಕಿನ ಬಗ್ಗೆ ಒಂದು ದೂರೂ ಬಂದಿಲ್ಲ. ಮೈಕ್ ಎಲ್ಲಿದೆ ಎಂಬುದೂ ಗೊತ್ತಿಲ್ಲ.

"ನೋಡಮ್ಮ," ಎಂದರು ಈಶ್ವರಪ್ಪನವರು. "ಪ್ರತಿಭಟನೆ ಮಾಡ್ಬೇಕು ಅಂದ್ರೆ ಪ್ರತಿಭಟನಾ ಸಮಿತಿ ಒಪ್ಪಿಗೆ ಬೇಕು. ನಮ್ಮಲ್ಲಿ ಆ ಸಮಿತಿ ಇಲ್ಲ. ಇದು ನಮ್ಮ ತಪ್ಪೇ. ಯಾರು ಕೇಳಿದ್ರೋ ಅವ್ರೇ ಮಾಡ್ಲಿ. ನೀನೇ ಅಧ್ಯಕ್ಷೆ ಆಗು."

ಸಮಿತಿಯ ಅಧ್ಯಕ್ಷೆಯಾಗಲು ಆಜೀವ ಸದಸ್ಯತ್ವ ಬೇಕು ಎಂದು ಗ್ರೆಗರಿ ನೆನಪಿಸಿದರು. ಅದನ್ನೂ ಅಲ್ಲೇ ಚಪ್ಪಾಳೆಯಿಂದ ಕೊಡಲಾಯಿತು. ಸಮತೋಲನ ಇರಲೆಂದು ದಿಲೀಪನಿಗೆ ಪ್ರತಿಭಟನಾ ವಿರೋಧಿ ಉಪಸಮಿತಿ ಸಿಕ್ಕಿತು. ಅದು ನಿಸರ್ಗಾಳ ಸಮಿತಿಯ ಅಡಿಯಲ್ಲೇ ಕೆಲಸ ಮಾಡತಕ್ಕದ್ದು ಎಂದೂ, ಇಬ್ಬರೂ ಒಪ್ಪಿದಾಗ ಮಾತ್ರ ಪ್ರತಿಭಟನೆ ನಡೆಯತಕ್ಕದ್ದು ಎಂದೂ ದಾಖಲಾಯಿತು. ನಿಸರ್ಗಾ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಅವಳನ್ನು ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕೈಗೆ ಟೀ ಕೊಟ್ಟರು. ತನ್ನ ಸಿಟ್ಟು ಅಷ್ಟು ಬೇಗ ಇಳಿದುಹೋಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೆ ಟೀ ಚೆನ್ನಾಗಿತ್ತು.

ಶನಿವಾರ ಹನ್ನೊಂದಕ್ಕೆ ಭವನದಲ್ಲಿ ಸಮಿತಿಯ ಉದ್ಘಾಟನೆ ಇಟ್ಟುಕೊಂಡರು. ಮುಗಿಸಿಕೊಂಡು ಸೇತುವೆಗೆ ಹೋದರಾಯಿತು, ನಡೆದರೆ ಹತ್ತು ನಿಮಿಷದ ದಾರಿ ಎಂದು ನಿಸರ್ಗಾ ಫಲಕವನ್ನು ಜೊತೆಗೇ ತಂದಿದ್ದಳು. ಪ್ರಾರ್ಥನೆ ಆಯಿತು. ದೀಪ ಹಚ್ಚುವಾಗ ಕಿಟಕಿಯಿಂದ ಗಾಳಿ ನುಗ್ಗಿ ಬತ್ತಿ ಆರುತ್ತಿತ್ತು. ಅಗಲವಾದ ರಟ್ಟು ಯಾವುದಾದರೂ ಇದೆಯೇ ಎಂದು ಹುಡುಕಿದರು, ಫಲಕ ಸಿಕ್ಕಿತು. ದೀಪ ಕೊನೆಯವರೆಗೂ ಆರಲಿಲ್ಲ. ಸ್ವಾಗತ ಭಾಷಣವಾಯಿತು, ಸ್ವಾಗತಿಸಿದವರನ್ನು ಪರಿಚಯಿಸುವ ಭಾಷಣವಾಯಿತು. ಮುಖ್ಯ ಅತಿಥಿಯಾಗಿ, ಬೇಡ ಎಂದು ಪ್ರಚಾರ ಮಾಡಿದ್ದ ಸ್ಥಳೀಯ ಗಣ್ಯರೊಬ್ಬರು ಬಂದಿದ್ದರು. ಪ್ರತಿಭಟನೆ ಇಷ್ಟು ಸೊಗಸಾಗಿರುತ್ತದೆಂದು ತಿಳಿದಿರಲಿಲ್ಲ ಎನ್ನುತ್ತ ಅವರು ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡರು. ನಿಸರ್ಗಾಳ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಬಂತು. ನಂದೀಶ್ ಎಲ್ಲ ಕೋನದಿಂದಲೂ ಫೋಟೊ ತೆಗೆದ. ಒಳ್ಳೆಯ ನಡತೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂಬ ಸಮಾಧಾನ ಅವನ ಮುಖದಲ್ಲಿತ್ತು.

"ವಂದನಾರ್ಪಣೆ, ಶ್ರೀಮತಿ ನಿಸರ್ಗಾ ಅವರಿಂದ," ಎಂದರು ಗ್ರೆಗರಿ.

ವಂದಿಸಬೇಕಾದವರು ಬಹಳ ಮಂದಿ ಇದ್ದರು. ಒಬ್ಬರ ಹೆಸರು ಬಿಟ್ಟರೂ ವರ್ಷವಿಡೀ ಮಾತು ಕೇಳಬೇಕು. ಎಲ್ಲ ಮುಗಿದು, ಪಾತ್ರೆ ತೊಳೆದು, ಕುರ್ಚಿ ಜೋಡಿಸಿಡುವಾಗ ಕತ್ತಲು ಇಳಿಯುತ್ತಿತ್ತು, ಮಳೆಯೂ ಶುರುವಾಗಿತ್ತು. ಎಣ್ಣೆ ಹಿಡಿದ ಫಲಕವನ್ನು ಅವಳು ಕಾರಿನ ಡಿಕ್ಕಿಯಲ್ಲಿ, ಉಳಿದ ಚಿತ್ರಾನ್ನದ ಕೆಳಗೆ ಇಟ್ಟಳು.

ಒಂದು ವರ್ಷ ಕಳೆಯಿತು. ನಿಸರ್ಗಾಳ ಪೌರತ್ವದ ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು. ಪ್ರತಿಭಟನಾ ಸಮಿತಿ ಮಾತ್ರ ಚುರುಕಾಗಿ ನಡೆದು, ಒಂದೂ ಪ್ರತಿಭಟನೆಗೆ ಆಸ್ಪದ ಕೊಡದ ಕಾರಣ ಉತ್ತಮ ಸಮಿತಿ ಎಂಬ ಪ್ರಶಸ್ತಿ ಪಡೆಯಿತು. ವಾರ್ಷಿಕ ಸದಸ್ಯರಿಗೂ ಬಳಗದಲ್ಲಿ ಮತ ಕೊಡಬೇಕೇ ಎಂಬ ಪ್ರಶ್ನೆ ಸರ್ವಸದಸ್ಯರ ಸಭೆಗೆ ಬಂದದ್ದು ಆಗಲೇ.

ಅದನ್ನು ಎತ್ತಿದವಳು ಚಿನ್ಮಯಿ, ಆ ವರ್ಷ ಓದಲು ಬಂದವಳು. ಭವನದ ಬಾಗಿಲಲ್ಲಿ ರಟ್ಟಿನ ತುಂಡೊಂದನ್ನು ಹಿಡಿದು ನಿಂತಿದ್ದಳು. ನಾವೂ ಇಲ್ಲಿದ್ದೀವಿ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಳು. ಬಣ್ಣ ಇನ್ನೂ ಒಣಗಿರಲಿಲ್ಲ. ನಿಸರ್ಗಾ ಅದನ್ನು ಎರಡು ಸಲ ಓದಿದಳು. ಹತ್ತಿರ ಹೋಗಿ, ಗೋಡೆಗೆ ಬಣ್ಣ ತಾಗಬಾರದು ಎಂಬ ಸಮಿತಿಯ ನಿಯಮವನ್ನು ಮೆಲ್ಲಗೆ ತಿಳಿಸಿದಳು.

"ಬೇಡ ಅನ್ನೋರು ಕೈ ಎತ್ತಿ," ಎಂದರು ಈಶ್ವರಪ್ಪನವರು.

ಮುಂದಿನ ಸಾಲಿನ ಕೈಗಳೆಲ್ಲ ಎದ್ದವು.

"ಮ್ಯಾಮ್," ಎಂದಳು ಪಕ್ಕದಲ್ಲಿದ್ದ ಪ್ರಕೃತಿ, "ಯುವರ್ ಹ್ಯಾಂಡ್ ಈಸ್ ಅಪ್."

"ಗೊತ್ತು ಪುಟ್ಟಿ. ಬರೋರೆಲ್ಲ ಮೊದಲು ಸ್ವಲ್ಪ ಕಾಯ್ಬೇಕು, ಅಲ್ವಾ?"

ಚಿನ್ಮಯಿ ಬಾಗಿಲಿಂದ ಮುಂದೆ ಬಂದು, ತಾನಿದನ್ನು ಪ್ರತಿಭಟಿಸುತ್ತೇನೆ ಎಂದಳು. ಸಭೆ ಈ ಸಲ ಸ್ತಬ್ಧವಾಗಲಿಲ್ಲ. ಗ್ರೆಗರಿ ಆಗಲೇ ಶಾಲು ತರಲು ಹೋಗಿದ್ದರು. ಅದೇ ಶಾಲು, ಬಳಗ ಯಾವುದನ್ನೂ ಹಾಳು ಮಾಡುವುದಿಲ್ಲ. ಹೊಸ ಸಮಿತಿಗೆ ವಿದ್ಯಾರ್ಥಿ ಪ್ರತಿಭಟನಾ ಸಮಿತಿ ಎಂದು ಹೆಸರಿಟ್ಟರು. ಚಪ್ಪಾಳೆಯ ನಡುವೆ ನಿಸರ್ಗಾಳೇ ಶಾಲು ಹೊದಿಸಿದಳು.

ಚಿನ್ಮಯಿ ಅವಳ ಕಿವಿಯ ಹತ್ತಿರ ಬಂದು ಕೇಳಿದಳು: "ಅಕ್ಕಾ, ಹೋದ ವರ್ಷ ನೀವು ಸೇತುವೆ ಮೇಲೆ ನಿಲ್ತೀನಿ ಅಂದಿದ್ರಂತೆ. ಹೋಗಿದ್ರಾ?"

"ಹೋಗ್ಬೇಕು ಅಂತಾನೇ ಇದ್ದೆ ಕಣೇ," ಎಂದಳು ನಿಸರ್ಗಾ, ಶಾಲಿನ ಅಂಚು ಸರಿಮಾಡುತ್ತ. "ವಂದನಾರ್ಪಣೆ ಇತ್ತು. ಈ ಸಲ ನಿಂದು. ಯಾರ ಹೆಸರೂ ಬಿಡಬೇಡ."